ಕೆಂಡ ಹೊತ್ತ ಹೂರಣ

ನಮ್ಮ ಬೀದಿಯ ತುದಿಯಲ್ಲಿ ಒಂದು ಇಸ್ತ್ರಿ ಅಂಗಡಿಯಿದೆ. ಸಂಜೆ ಅಂಗಡಿಯವನು ಇಸ್ತ್ರಿಪೆಟ್ಟಿಗೆಯ ಕೆಂಡವನ್ನು ಚರಂಡಿಯ ಬದಿಗೆ ಸುರಿದು ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಮೊನ್ನೆ ಆ ಜಾಗದಲ್ಲಿ ಯಾರೋ ಉಂಡು ಎಸೆದ ಬಾಳೆಯೆಲೆ ಬಿದ್ದಿತ್ತು. ಕೆಂಡ ಅದರ ಮೇಲೆ ಬಿದ್ದು ಎಲೆ ಸುಯ್ಯೆಂದಿತು. ನಾನು ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದುಕೊಂಡು, ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಎಂದಿನಂತೆ ಲೆಕ್ಕ ಹಾಕುತ್ತ ಬರುತ್ತಿದ್ದವಳು, ಹಸಿ ಬಾಳೆಯೆಲೆ ಕೆಂಡಕ್ಕೆ ಸುಡುವ ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಇಸ್ತ್ರಿಯವನು, "ಏನಮ್ಮಾ, ಬಟ್ಟೆ ಕೊಟ್ಟಿದ್ರಾ?" ಎಂದು ಕೇಳಿದ. ಇಲ್ಲವೆಂದೆ. ಆಮೇಲೆ ಮನೆಯವರೆಗೂ, ನಿಜವಾಗಿ ಬಟ್ಟೆ ಕೊಟ್ಟಿದ್ದು ಮರೆತಿದ್ದೇನೆಯೇ ಎಂಬ ಹೊಸ ಚಿಂತೆ ಜೊತೆಗೆ ಬಂತು.

ನನ್ನ ಸ್ವಭಾವವೇ ಹಾಗೆ, ನೀವು ಸಹಿಸಿಕೊಳ್ಳಬೇಕು. ಚಿಂತೆಯ ವಿಷಯದಲ್ಲಿ ನಾನು ಮೇಲು ಕೀಳು ಎಣಿಸಿದವಳಲ್ಲ. ಮಕ್ಕಳ ಜ್ವರಕ್ಕೂ ಹಾಲಿನ ಪಾತ್ರೆಯ ಮುಚ್ಚಳಕ್ಕೂ ನನ್ನಲ್ಲಿ ಒಂದೇ ಮರ್ಯಾದೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಅವರ ತಾಯಿಗೆ ಹೇಳುತ್ತಿದ್ದ ಮಾತು ಇನ್ನೂ ನೆನಪಿದೆ. "ಅವ್ವಾ, ನಿನ್ನ ಸೊಸಿಗೆ ಚಿಂತಿ ಇಲ್ಲದ ದಿನಾನೂ ಬರತೈತಿ. ಅವತ್ತು, ಯಾಕ ಚಿಂತಿ ಇಲ್ಲ ಅಂತ ಚಿಂತಿ ಮಾಡ್ತಾಳ." ಅತ್ತೆ ನಗುತ್ತಿರಲಿಲ್ಲ. "ಮಾಡ್ಲಿ ಬಿಡೋ. ಮನ್ಯಾಗ ಒಬ್ಬರರೆ ಮಾಡಬೇಕಲ್ಲ. ನನಗ ಪುರಸೊತ್ತಿಲ್ಲ" ಎನ್ನುತ್ತಿದ್ದರು.

ಅವರಿಗೆ ನಿಜವಾಗಿಯೂ ಪುರಸೊತ್ತಿರಲಿಲ್ಲ. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಹತ್ತು ವರ್ಷವಾಗುತ್ತ ಬಂದಿದ್ದ ಕಾಲ ಅದು. ನಾನು ಬನವಾಸಿಯ ಕಡೆಯಿಂದ ಶಿರಸಿ ಪೇಟೆಯ ಈ ಮನೆಗೆ ಸೊಸೆಯಾಗಿ ಬಂದಾಗ ಮಾವನವರು ಇರಲಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಹಗ್ಗ, ಬಾರುಕೋಲು, ಎತ್ತಿನ ಕೊರಳ ಗೆಜ್ಜೆ, ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ. ಮನೆಯ ತುಂಬ ಸೆಣಬಿನ ವಾಸನೆ. ಅತ್ತೆ ನೀಲವ್ವ ಕುಳ್ಳಗೆ, ಗಟ್ಟಿಯಾಗಿ, ನೆಲಕ್ಕೆ ನಾಟಿದ ಗೂಟದ ಹಾಗೆ ಇದ್ದರು. ಅವರ ಬಾಯಲ್ಲಿ "ಆಗೂದಿಲ್ಲ" ಎಂಬ ಮಾತನ್ನು ನಾನು ಕೇಳಿದ್ದೇ ಕಡಿಮೆ. "ಹೆಂಗ ಆಗೂದಿಲ್ಲ?" ಎಂಬುದನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ.

ಅವರ ಮಗಳು ಗಂಗವ್ವನನ್ನು ಯಲ್ಲಾಪುರಕ್ಕೆ ಕೊಟ್ಟಿತ್ತು. ನನ್ನ ನಾದಿನಿ, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ನಮ್ಮ ಮನೆಯಲ್ಲಿ ಬಾಯ್ತುಂಬ ನಗುತ್ತಿದ್ದ ಹುಡುಗಿ, ಗಂಡನ ಮನೆಯಲ್ಲಿ ತಲೆ ಎತ್ತುತ್ತಿರಲಿಲ್ಲ ಎಂದು ನೋಡಿ ಬಂದವರು ಹೇಳುತ್ತಿದ್ದರು. ಅದಕ್ಕೆ ಕಾರಣ ಅವಳ ಅತ್ತೆ ಚೆನ್ನವ್ವ. ಕೆಟ್ಟವರು ಎನ್ನಲಾರೆ. ಕಾಲ ಕಳೆದ ಮೇಲೆ ನಾನೂ ಅತ್ತೆಯಾಗಿದ್ದೇನಲ್ಲ, ಮಾತು ನೋಡಿ ಆಡಬೇಕು. ಆದರೆ ಅವರಿಗೆ ತಮ್ಮ ಅತ್ತೆ ಹೇಳಿದ್ದೆಲ್ಲ ಬಾಯಿಪಾಠ. ಮನೆಗೆ ಬಂದ ಪ್ರತಿ ಪಾತ್ರೆಯನ್ನೂ ತೆರೆದು, ಒಳಗೆ ನೋಡಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಒಂದು ಮಾತು ಹೇಳುವ ಅಭ್ಯಾಸ. ಆ ವರ್ಷ ಪಂಚಮಿಗೆ ನಾವು ಕಳಿಸಿದ ಉಂಡಿಯ ಡಬ್ಬಿ ತೆರೆದು, "ಶಿರ್ಸಿಯಾಗ ಎಳ್ಳು ತುಟ್ಟಿ ಆಗ್ಯಾವೇನವಾ ಗಂಗವ್ವ?" ಎಂದರಂತೆ. ಗಂಗವ್ವ ಆ ಹಬ್ಬದಲ್ಲಿ ಒಂದು ಉಂಡಿಯನ್ನೂ ಬಾಯಿಗೆ ಹಾಕಲಿಲ್ಲವಂತೆ. ಈ ಸುದ್ದಿ ತಂದವರು ನಮ್ಮ ಪಕ್ಕದ ಮನೆಯ ಲಾರಿ ಚಾಲಕ ಇಮಾಮಸಾಬರು. ಮರದ ನಾಟಾ ತುಂಬಲು ಯಲ್ಲಾಪುರಕ್ಕೆ ಹೋದಾಗಲೆಲ್ಲ ಗಂಗವ್ವನನ್ನು ಮಾತಾಡಿಸಿ ಬರುತ್ತಿದ್ದರು. ಸುದ್ದಿ ಕೇಳಿದ ಅತ್ತೆ ಒರಳಿನಲ್ಲಿದ್ದ ಖಾರವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಟ್ಟಿದರು.

ದೀಪಾವಳಿ ಕಳೆದ ಮೇಲೆ ಗಂಗವ್ವನ ಕುಬಸ ಬಂತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಒಯ್ದು ಮಣೆಯ ಮೇಲೆ ಕೂರಿಸಿ ಉಡಿ ತುಂಬುವ ಶಾಸ್ತ್ರ. ಸೀರೆ ಬಳೆ ದೊಡ್ಡ ಮಾತಲ್ಲ. ಜನ ನೋಡುವುದು ಬುತ್ತಿಯನ್ನು. ನಮ್ಮ ಅತ್ತೆಯ ಕಡೆಯಲ್ಲಿ ಒಂದು ಕಟ್ಟಳೆಯಿತ್ತು. ತುಂಬಿದ ಹೊಟ್ಟೆಗೆ ತುಂಬಿದ ತಿನಿಸನ್ನೇ ಒಯ್ಯಬೇಕು. ಹೂರಣವಿರುವ ಹೋಳಿಗೆ, ಇಲ್ಲವೆ ಕಡುಬು, ಇಲ್ಲವೆ ಕರ್ಜೀಕಾಯಿ. ಉಂಡಿ, ಚಕ್ಕುಲಿ ಎಲ್ಲ ಪಕ್ಕಕ್ಕೆ. ಒಳಗೆ ಪೊಳ್ಳಾದದ್ದನ್ನು ಒಯ್ದರೆ ತಾಯಿಯ ಕೈಗೇ ಕುಂದು. ಆ ಬುತ್ತಿಯನ್ನು ಅವರ ಓಣಿಗೆಲ್ಲ ಬೀರುತ್ತಾರೆ, ಮನೆಮನೆಗೆ ಹಂಚುತ್ತಾರೆ. ಮಗಳು ಮುಂದೆ ಆ ಓಣಿಯಲ್ಲಿ ತಲೆ ಎತ್ತಿ ನೀರಿಗೆ ಹೋಗುತ್ತಾಳೋ, ತಗ್ಗಿಸಿ ಹೋಗುತ್ತಾಳೋ ಎಂಬುದು ಅಂದೇ ತೀರ್ಮಾನ.

ಆ ವರ್ಷ ಕಡಲೆಬೇಳೆ ಇರಲಿಲ್ಲ. ತುಟ್ಟಿ ಎಂದಲ್ಲ, ಇರಲೇ ಇಲ್ಲ. ಯಜಮಾನರು ಪೇಟೆಯ ಪ್ರತಿ ಅಂಗಡಿಗೂ ಹೋಗಿ, ಕೊನೆಗೆ ಸಿದ್ದಾಪುರದ ಸಂತೆಯನ್ನೂ ನೋಡಿ ಬರಿಗೈಲಿ ಬಂದರು. ಸಕ್ಕರೆಯ ಮಾತೇ ಬೇಡ. ಗೋಧಿ ಎಂದರೆ ರೇಶನ್ನಿನಲ್ಲಿ ಕೊಡುತ್ತಿದ್ದ, ಎಲ್ಲಿಂದಲೋ ಹಡಗಿನಲ್ಲಿ ಬಂದ ಕೆಂಪು ಗೋಧಿ. ಅದರ ಹಿಟ್ಟು ನಾದಿದಷ್ಟೂ ಮುನಿಸಿಕೊಳ್ಳುತ್ತಿತ್ತು. ಎಳೆದರೆ ಹರಿಯುತ್ತಿತ್ತು, ಬಿಟ್ಟರೆ ಕುಗ್ಗುತ್ತಿತ್ತು. ಮನೆಯಲ್ಲಿ ಇನ್ನೇನಿತ್ತು? ಮಳೆಗಾಲದಲ್ಲಿ ಬೆವರಿ ಕಪ್ಪಾದ ಬೆಲ್ಲ, ಅಕ್ಕಿ, ಹಿಡಿಯಷ್ಟು ಎಳ್ಳು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದಿಂದ ತೂಗುಹಾಕಿದ ದೊಡ್ಡ ದೊಡ್ಡ ಸೌತೆಕಾಯಿಗಳು. ಹೂರಣಕ್ಕೆ ಬೇಳೆ ಇಲ್ಲದಿದ್ದರೆ ಸೌತೆಕಾಯಿ ಎಂದು ಅತ್ತೆ ಮೊದಲ ದಿನವೇ ತೀರ್ಮಾನ ಮಾಡಿದರು. ಹೊದಿಕೆಯದೇ ತೊಡಕು. ಹೋಳಿಗೆ ತಟ್ಟಿದರೆ ಹೂರಣ ಹೊರಗೆ ಇಣುಕಿತು. ಕಡುಬು ಮಾಡಿ ಎಣ್ಣೆಗೆ ಬಿಟ್ಟರೆ ಆ ಹಿಟ್ಟು ಬಾಯಿ ತೆರೆದು ಇದ್ದುದನ್ನೆಲ್ಲ ಉಗುಳಿತು. ಹಾಳಾದ ಎಣ್ಣೆಯನ್ನು ನೋಡುತ್ತ ನಾನು, "ಅತ್ತಿ, ಬೀಗರಿಗೆ ಹೇಳಿ ಕಳಸೋಣೇನ್ರೀ? ಈ ವರ್ಷ ಹಿಂಗಾಗೇತಿ, ಬರೇ ಉಡಿ ತುಂಬತೇವಿ ಅಂತ?" ಎಂದೆ.

ಅತ್ತೆ ಜಾಲರಿಯನ್ನು ಕೆಳಗಿಟ್ಟರು. "ಯಾರಿಗಿ ಹೇಳಿ ಕಳಸ್ತಿ? ಆಕಿಗೇನ? ಹೇಳಿ ಕಳಿಸಿದ್ರ ಆಕಿ ಓಣಿಗೆಲ್ಲಾ ಡಂಗುರಾ ಹೊಡೀತಾಳ. ಗಂಗಿ ಹಸದಿರಬೇಕೇನು ಮತ್ತ, ಪಂಚಮಿಯಾಗ ಇದ್ದಂಗ?"

"ಮತ್ತ ಏನ್ ಮಾಡೋದ್ರಿ?"

"ಏನರೆ ಮಾಡೂದು."

ಹಿತ್ತಲ ಗೋಡೆಯಾಚೆ ಇಮಾಮಸಾಬರ ಹೆಂಡತಿ ಜೈನಬಿಯ ಒಲೆ. ಹಬ್ಬ ಬಂದರೆ ಆ ಕಡೆಯಿಂದ ಏಲಕ್ಕಿ, ತುಪ್ಪ, ಸುಡುವ ರವೆಯ ವಾಸನೆ ಬರುತ್ತಿತ್ತು. ಮುಚ್ಚಿದ ಪಾತ್ರೆಗೆ ಮೇಲೂ ಕೆಳಗೂ ಕೆಂಡ ಕೊಟ್ಟು ಅವರು ಏನೋ ಬೇಯಿಸುತ್ತಿದ್ದರು. ಕೋಳಿಯ ತತ್ತಿ ಹಾಕಿದ್ದಾದ್ದರಿಂದ ನಮ್ಮ ಮನೆಗೆ ಬರುತ್ತಿರಲಿಲ್ಲ. ವಾಸನೆ ಮಾತ್ರ ಬರುತ್ತಿತ್ತು, ಅದಕ್ಕೆ ನಾವು ಬೇಡವೆಂದದ್ದಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಕಲ್ಲಿನ ಮೇಲೆ ಹತ್ತಿ ಗೋಡೆಗೆ ಗದ್ದ ಊರಿದರು.

"ಜೈನಬಿ, ನೀ ರಮಜಾನಿಗಿ ಮಾಡ್ತಿಯಲ್ಲ, ಕೆಂಡದಾಗ. ತತ್ತಿ ಇಲ್ದ ಆಗೂದಿಲ್ಲೇನು?"

ಜೈನಬಿ ಪಾತ್ರೆ ತಿಕ್ಕುತ್ತಿದ್ದರು. "ತತ್ತಿ ಇಲ್ದ ಏನ್ ಉಬ್ಬತೈತಿ ನೀಲಕ್ಕಾ?"

"ಉಬ್ಬೂದು ಬ್ಯಾಡ. ಸುಟ್ಟರ ಸಾಕು."

"ಮತ್ತ ಅದು ರೊಟ್ಟಿ ಆತಲ್ಲ."

"ರೊಟ್ಟಿ ಹೊಟ್ಟ್ಯಾಗ ಹೂರಣ ಇರತೈತಿ. ಒಂದ ದೊಡ್ಡದು."

ಜೈನಬಿ ಕೈಯಲ್ಲಿದ್ದ ಬೂದಿ ತೊಳೆದು ಗೋಡೆಯ ಹತ್ತಿರ ಬಂದರು. ಅವರ ಕಣ್ಣು ಅರಳಿತ್ತು. "ಹಾಯ್ ಅಲ್ಲಾ, ಎಷ್ಟು ದೊಡ್ಡದಕ್ಕಾ?" ಅತ್ತೆ ಎರಡು ಕೈ ಅಗಲಿಸಿ ತೋರಿಸಿದರು. ಅತ್ತೆಯ ತಲೆಗೆ ಈ ವಿಚಾರ ಬಂದದ್ದು ರಾತ್ರಿಯೋ, ಆ ಕಲ್ಲು ಹತ್ತಿದ ಮೇಲೆಯೋ, ನಾನು ಕೇಳಲಿಲ್ಲ. ಎಳೆದರೆ ಹರಿಯುವ ಹಿಟ್ಟನ್ನು ಎಳೆಯದಿದ್ದರಾಯಿತು. ಬಾಣಲೆಗೆ ಒತ್ತಿ ಕೂರಿಸಬೇಕು. ಎಣ್ಣೆಗೆ ಬಾಯಿ ಬಿಡುವುದನ್ನು ಎಣ್ಣೆಗೇ ಬಿಡಬಾರದು. ಹೇಳಿದ ಮೇಲೆ ಇದು ನನಗೂ ಸುಲಭವಾಗಿ ಕಂಡಿತು. "ಕೆಂಡ ಮ್ಯಾಲ ಜಾಸ್ತಿ, ಕೆಳಗ ಕಮ್ಮಿ" ಎಂದರು ಜೈನಬಿ. "ನೀಲಕ್ಕಾ, ನಡುನಡುವ ತೆಗದು ನೋಡಬ್ಯಾಡ. ಅದು ನೋಡಿದ್ರ ಬೇಯೂದಿಲ್ಲ." ಇದನ್ನು ಅವರು ಅತ್ತೆಗೆ ಹೇಳಿದರು, ಅವರ ಕಣ್ಣು ಮಾತ್ರ ನನ್ನ ಮೇಲಿತ್ತು.

ಮೊದಲನೆಯದು ಮೇಲೆ ಇದ್ದಿಲಾಯಿತು, ಒಳಗೆ ಹಸಿ. ಯಜಮಾನರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಸುತ್ತು ತಿರುಗಿಸಿ ನೋಡಿ, "ಅವ್ವಾ, ಇದಕ್ಕ ಅಚ್ಚು ಹಾಕಿದ್ರ ಗಾಡಿಗಿ ಹೂಡಬಹುದು. ಕೀಲೆಣ್ಣಿ ನಮ್ಮಲ್ಲೇ ಐತಿ" ಎಂದರು. ಅತ್ತೆ ಅದರ ಚೂರನ್ನೇ ಅವರ ತಾಟಿಗೆ ಹಾಕಿ, "ಮಾತಾಡಿದಷ್ಟು ತಿನ್ನು" ಎಂದರು. ಎರಡನೆಯದು ತಳ ಹಿಡಿದು ಬಾಣಲೆಯಿಂದ ಏಳಲೇ ಇಲ್ಲ. ಅದನ್ನು ಕೆರೆದು ತೆಗೆಯುವಾಗಲೇ ಅತ್ತೆಗೆ ಬಾಳೆಯೆಲೆಯ ನೆನಪಾದದ್ದು. ಇನ್ನೊಂದು ನನ್ನಿಂದ ಕೆಟ್ಟಿತು. ಹೊತ್ತಿಹೋಗುತ್ತದೆಂಬ ಭಯಕ್ಕೆ ಅತ್ತೆ ಅತ್ತ ತಿರುಗಿದಾಗಲೆಲ್ಲ ನಾನು ಬಾಣಲೆಗೆ ಮುಚ್ಚಿದ ಕೆಂಡದ ಹಂಚನ್ನು ಎತ್ತಿ ನೋಡಿದೆ. ನೋಡಿದ ಪ್ರತಿ ಸಲ ಕಾವು ಹೋಯಿತು, ಒಂದಿಷ್ಟು ಬೂದಿ ಒಳಗೆ ಬಿತ್ತು. ಅತ್ತೆ ಬೈಯಲಿಲ್ಲ. ಮುಂದಿನ ಸಲ ನನ್ನನ್ನು ಒಲೆಗೆ ಬೆನ್ನು ಮಾಡಿ ಕೂರಿಸಿ, ಎಳ್ಳು ಆರಿಸಲು ಕೊಟ್ಟರು. ಆರಿಸಿದ ಎಳ್ಳನ್ನೇ ಮತ್ತೆ ಆರಿಸಿದೆ.

ಮಾಡುವ ಬಗೆಯನ್ನು ಈಗ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾದೀತು. ಸೌತೆಕಾಯಿಯನ್ನು ತುರಿದು ಬಟ್ಟೆಯಲ್ಲಿ ಹಿಂಡಬೇಕು. ಆ ನೀರನ್ನು ಚೆಲ್ಲಬಾರದು, ಅದರಲ್ಲೇ ಹಿಟ್ಟು ಕಲಸಬೇಕು. ಅತ್ತೆಯ ಮನೆಯಲ್ಲಿ ನೀರಿಗೂ ಎರಡು ಕೆಲಸ. ಕೆಂಪು ಹಿಟ್ಟಿಗೆ ಚೂರು ಉಪ್ಪು, ಒಂದು ಸೌಟು ಕಾದ ಎಣ್ಣೆ. ನಾದುವ ಗೋಜಿಗೆ ಹೋಗದೆ ಒಟ್ಟುಗೂಡಿಸಿ, ಒದ್ದೆ ಬಟ್ಟೆ ಮುಚ್ಚಿ ಬಿಟ್ಟುಬಿಡಬೇಕು. ಹಿಂಡಿದ ತುರಿಗೆ ಬೆಲ್ಲ ಹಾಕಿ, ಹುರಿದ ಅಕ್ಕಿತರಿ ಸೇರಿಸಿ, ಪಾತ್ರೆಯ ಬದಿ ಬಿಡುವ ತನಕ ಮಗುಚುತ್ತಲೇ ಇರಬೇಕು. ಕೊನೆಗೆ ಎಳ್ಳಿನ ಪುಡಿ, ಸಿಪ್ಪೆಸಮೇತ ಕುಟ್ಟಿದ ಏಲಕ್ಕಿ. ಚಪ್ಪಟೆ ತಳದ ಕಬ್ಬಿಣದ ಬಾಣಲೆಗೆ ಬಾಳೆಯೆಲೆ ಹಾಸಿ, ಹಿಟ್ಟನ್ನು ಅಂಗೈಯಿಂದ ಬದಿಯವರೆಗೆ ಒತ್ತಿ, ಹೂರಣ ಸುರಿದು, ಇನ್ನೊಂದು ಎಲೆಯ ಮೇಲೆ ತಟ್ಟಿದ ಹಿಟ್ಟನ್ನು ಮೇಲೆ ಕವುಚಿ ಮುಚ್ಚಬೇಕು. ಆಮೇಲೆ ಸುತ್ತಲೂ ಅಂಚು ಕಟ್ಟುವುದು. ಕರ್ಜೀಕಾಯಿಗೆ ಮುರಿಗೆ ಹಾಕುವ ಹಾಗೆ, ಹೆಬ್ಬೆರಳಿನಿಂದ ಒತ್ತಿ ಮಡಚಿ, ಒತ್ತಿ ಮಡಚಿ. ಇದು ನನ್ನ ಕೆಲಸವಾಗಿತ್ತು. ಒಲೆಯಿಂದ ನನ್ನನ್ನು ದೂರವಿಟ್ಟ ಅತ್ತೆ ಅಂಚನ್ನು ಮಾತ್ರ ನನಗೇ ಬಿಟ್ಟರು. "ಚಿಂತಿ ಮಾಡೋರ ಬೆರಳು ಸಣ್ಣ ಕೆಲಸಕ್ಕ ಛಲೋ ಇರತೈತಿ" ಎಂದರು. ಹೊಗಳಿದರೋ ಏನೋ, ಇಷ್ಟು ವರ್ಷವಾದರೂ ನಿರ್ಧಾರಕ್ಕೆ ಬಂದಿಲ್ಲ.

ಹೊರಡುವ ದಿನ ಬೆಳಕು ಹರಿಯುವ ಮೊದಲೇ ಕೆಂಡ ಮಾಡಿದೆವು. ಅದು ಬೆಂದು ಬಂದಾಗ, ನಿಜ ಹೇಳುತ್ತೇನೆ, ಮೂವರೂ ಕೈಕೆಲಸ ಬಿಟ್ಟು ನೋಡಿದೆವು. ಗೋಡೆಯಾಚೆಯಿಂದ ಜೈನಬಿ, ಈಚೆ ನಾವಿಬ್ಬರು. ತುಂಬಿದ ಚಂದ್ರನ ಹಾಗೆ ದುಂಡಗೆ, ಹದವಾಗಿ ಕೆಂಪೇರಿ, ನಡುವೆ ಸ್ವಲ್ಪ ಉಬ್ಬಿ, ಸುತ್ತ ನನ್ನ ಮುರಿಗೆ ಒಂದೂ ಬಿಚ್ಚದೆ ನಿಂತಿತ್ತು. "ಬಸುರಿ ಹೊಟ್ಟಿ ಇದ್ದಂಗ ಐತಿ ನೀಲಕ್ಕಾ" ಎಂದರು ಜೈನಬಿ. ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು, "ಮತ್ತ ಏನಂದ್ಕೊಂಡಿ?" ಎಂದರು.

ಬಸ್ಸಿನಲ್ಲಿ ಒಯ್ದರೆ ಕಂಡಕ್ಟರ್ ಅದನ್ನು ಮೇಲಕ್ಕೆ ಹಾಕು ಎನ್ನುತ್ತಾನೆ ಎಂದು ಅತ್ತೆ ಇಮಾಮಸಾಬರ ಲಾರಿಯನ್ನೇ ಗೊತ್ತು ಮಾಡಿದ್ದರು. ಮುಂದಿನ ಸೀಟಿನಲ್ಲಿ ನಾವಿಬ್ಬರು. ಸೀರೆ ಬಳೆಯ ಗಂಟು ಕಾಲ ಕೆಳಗೆ. ಬಾಣಲೆ ನನ್ನ ತೊಡೆಯ ಮೇಲೆ. ಹುಲಗೋಳ ದಾಟುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು. ರಸ್ತೆಯ ಪ್ರತಿ ಗುಂಡಿಗೂ ನಾನು "ಅಯ್ಯೋ" ಎನ್ನುವುದು, ಇಮಾಮಸಾಬರು "ನೋಡೀನವಾ, ನೋಡೀನಿ" ಎನ್ನುವುದು. ಬೇಡ್ತಿ ಹೊಳೆಯ ಇಳಿಜಾರಿನಲ್ಲಿ, ಇದು ಒಡೆಯದೆ ಊರು ಮುಟ್ಟಿದರೆ ಚಂದಗುಳಿ ಗಣಪನಿಗೆ ಗಂಟೆ ಕಟ್ಟುತ್ತೇನೆಂದು ಹರಕೆ ಹೊತ್ತೆ. ಆ ಗಂಟೆಯನ್ನು ಇನ್ನೂ ಕಟ್ಟಿಲ್ಲ. ದೊಡ್ಡದು ಕಟ್ಟಬೇಕೋ ಚಿಕ್ಕದೋ ಎಂಬುದನ್ನು ಹರಕೆಯಲ್ಲಿ ಹೇಳಿರಲಿಲ್ಲ. ಆ ಚಿಂತೆಯಲ್ಲೇ ಇದ್ದೇನೆ. ದಾರಿಯುದ್ದಕ್ಕೂ ಒಡೆದರೆ, ಬೆವೆತರೆ, ಇರುವೆ ಹತ್ತಿದರೆ, ರುಚಿ ಹಿಡಿಸದಿದ್ದರೆ ಎಂದು ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಯೋಚಿಸದೆ ಬಿಟ್ಟದ್ದು ಒಂದೇ ಒಂದು. ಅದೇ ಆಯಿತು.

ಯಲ್ಲಾಪುರದ ಮನೆಯ ನಡುಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಗಂಗವ್ವ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಮುಖ ಬಾಡಿತ್ತು. ನಮ್ಮನ್ನು ಕಂಡು ಕಣ್ಣೆತ್ತಿದವಳು ಚೆನ್ನವ್ವ ಬಂದೊಡನೆ ಮತ್ತೆ ಇಳಿಸಿದಳು. ಬಳೆ ಇಟ್ಟಾಯಿತು, ಉಡಿ ತುಂಬಿಯಾಯಿತು. "ಬುತ್ತಿ ಬಿಚ್ರಿ ಬೀಗತ್ಯಾರ" ಎಂದರು ಚೆನ್ನವ್ವ. ಅತ್ತೆ ಬಾಣಲೆಯ ಬಟ್ಟೆ ತೆಗೆದು, ಅಡಿಯ ಎಲೆಸಮೇತ ಅದನ್ನು ದೊಡ್ಡ ಹರಿವಾಣಕ್ಕೆ ಜಾರಿಸಿ ಮಗಳ ಮುಂದಿಟ್ಟರು.

ಹಿಂದಿನಿಂದ ಒಬ್ಬಳು, "ಅಯ್ಯ, ಇದೇನ್ರೇ ಗಾಡಿ ಗಾಲಿ!" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿತು. ಕೆಲವರು ನಕ್ಕರು. ಚೆನ್ನವ್ವ ನಗಲಿಲ್ಲ. ಹತ್ತಿರ ಬಗ್ಗಿ, ಸುತ್ತ ಒಂದು ಸಲ ನೋಡಿದರು.

"ತುಂಬಿದ್ದು ಐತಿ?"

"ತುಂಬಿದ್ದ ಐತ್ರಿ" ಎಂದರು ಅತ್ತೆ.

"ನೋಡಾಕ ಛಲೋ ಐತ್ರಿ ಮತ್ತ. ಆದ್ರ ಓಣಿಗಿ ಬೀರೂದು ಹೆಂಗ? ಮನಿಗೊಂದು ಕೊಡಬೇಕು. ಇಲ್ಲಿ ಇರೂದ ಒಂದು."

"ಕೊಯ್ದು ಕೊಡೂದ್ರಿ."

ಚೆನ್ನವ್ವ ಸೆಟೆದು ನಿಂತರು. "ಏನ್ ಮಾತಂತ ಆಡ್ತೀರಿ? ಬಸುರಿ ಮಣಿ ಮ್ಯಾಲ ಕುಂತಾಳ. ಆಕಿ ಮುಂದ ತುಂಬಿದ್ದಕ್ಕ ಚಾಕು ಹಚ್ಚೂದೇನ್ರಿ? ನಮ್ಮತ್ತಿ ಇದ್ದಿದ್ರ..."

ಅತ್ತೆಯ ಮುಖ ನೋಡಿದೆ. ನಾವು ಆ ಒಂದನ್ನು ಇಡಿಯಾಗಿ ಮಾಡುವುದರಲ್ಲಿ, ಇಡಿಯಾಗಿ ಮುಟ್ಟಿಸುವುದರಲ್ಲಿ ಎಷ್ಟು ಮುಳುಗಿಹೋಗಿದ್ದೆವೆಂದರೆ, ಇಡಿಯಾದದ್ದನ್ನು ಹಂಚಬೇಕಾಗುತ್ತದೆ ಎಂಬುದೇ ಇಬ್ಬರ ತಲೆಗೂ ಹೋಗಿರಲಿಲ್ಲ. "ಹೆಂಗ ಆಗೂದಿಲ್ಲ?" ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಕುಬಸದ ದಿನ ಮಗಳಿಗೆ ದೋಷ ತರುವ ಕೈ ತಮ್ಮದಾಗುತ್ತದಲ್ಲ ಎಂಬ ಹೆದರಿಕೆ ಅವರನ್ನೂ ಹಿಡಿದಿತ್ತು. ಅವರು ಹೆದರಿದ್ದನ್ನು ನಾನು ಅದೇ ಮೊದಲು ಕಂಡದ್ದು. ಏನಾದರೂ ಹೇಳಬೇಕೆಂದು ನಾನು, "ನಾಳಿಗಿ ಕೊಯ್ದು ಬೀರಿದ್ರ ನಡ್ಯೂದಿಲ್ರೀ?" ಎಂದೆ. "ನಾಳೆ ಅಮಾಸಿ" ಎಂದರು ಚೆನ್ನವ್ವ. ನಾನು ಹಿಂದಕ್ಕೆ ಸರಿದು ಗೋಡೆಗೆ ಅಂಟಿದೆ. ಒಬ್ಬಿಬ್ಬರು ಎದ್ದು ಸೆರಗು ಸರಿಪಡಿಸಿಕೊಳ್ಳತೊಡಗಿದರು. ಖಾಲಿ ಕೈಲಿ ಓಣಿಗೆ ಹಿಂತಿರುಗುವುದಕ್ಕೆ, ಹೋಗಿ ಹೇಳುವುದಕ್ಕೆ.

ಆಗ ಬಳೆಯ ಸದ್ದಾಯಿತು.

ಗಂಗವ್ವ ಮಣೆಯ ಮೇಲಿನಿಂದಲೇ ಮುಂದೆ ಬಗ್ಗಿದ್ದಳು. ತುಂಬಿದ ಹೊಟ್ಟೆ ಅಡ್ಡ ಬಂತು. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಿಂದ ಹರಿವಾಣವನ್ನು ತನ್ನ ಕಡೆ ಎಳೆದುಕೊಂಡಳು. ಅಂಚಿನ ಮುರಿಗೆಯ ಮೇಲೆ ಬೆರಳಾಡಿಸಿ, ಸುತ್ತು ಮುಗಿದ ಕಡೆ ನಾನು ಸಿಕ್ಕಿಸಿದ್ದ ತುದಿಯನ್ನು ಹುಡುಕಿದಳು.

"ಅತ್ಯಾರ" ಎಂದಳು. ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಕ್ಕಿಲ್ಲ. "ಚಾಕು ಹಚ್ಚಬಾರ್ದು ಅಂತ ಹೇಳ್ಯಾರಲ್ರಿ. ಬಿಚ್ಚಬಾರ್ದು ಅಂತ ಹೇಳ್ಯಾರೇನ್ರಿ?"

"ಬಿಚ್ಚೂದು?"

"ಮುಚ್ಚಿದ್ದನ್ನ ಬಿಚ್ಚೂದ್ರಿ. ನಾಳೆ ನನ್ನ ಕೂಸು ಹೊರಗ ಬರಾಕ ಯಾರರೆ ಚಾಕು ತರ್ತಾರೇನು? ಅದಾಗೇ ಬಿಚ್ಚಿ ಬರಬೇಕಲ್ಲ."

ಚೆನ್ನವ್ವ ಯೋಚಿಸಿದರು. ಅವರು ಯೋಚಿಸುವುದು ಮುಖದಲ್ಲೇ ಕಾಣುತ್ತಿತ್ತು, ಗತಿಸಿದ ಅತ್ತೆಯ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದ ಹಾಗೆ. ಕೊನೆಗೆ ನಿಧಾನವಾಗಿ, "ಬಿಚ್ಚೂದರ ಬಗ್ಗೆ ನಮ್ಮತ್ತಿ ಏನೂ ಹೇಳಿಲ್ಲ" ಎಂದರು.

ಅವರ ಮಾತು ಮುಗಿಯುವ ಮೊದಲೇ ಗಂಗವ್ವ ತುದಿಯನ್ನು ಎತ್ತಿಯಾಗಿತ್ತು. ನಾನು ಒತ್ತಿ ಮಡಚಿದ್ದನ್ನೆಲ್ಲ ಅವಳ ಬೆರಳು ಒಂದೊಂದಾಗಿ ಮಡಿಕೆ ತೆಗೆಯಿತು. ಗರಿಗರಿ ಅಂಚು ದಾರದ ಹಾಗೆ ಉದ್ದಕ್ಕೆ ಬರಲಿಲ್ಲ ಬಿಡಿ, ತುಂಡು ತುಂಡಾಗಿ ಬಂತು. ಬಂದ ಮೊದಲ ತುಂಡನ್ನು ಅವಳು ಎಲ್ಲರೆದುರಿಗೇ ಬಾಯಿಗೆ ಹಾಕಿಕೊಂಡಳು. ಬಸುರಿ ತಿನ್ನುವ ಮೊದಲು ದೇವರಿಗೆ ಎತ್ತಿಡಬೇಕು ಎಂದು ಯಾರೋ ಅಂದರು. "ಹಸಿವಾಗೇತ್ರಿ. ನಮ್ಮವ್ವ ಮಾಡ್ಯಾಳ" ಎಂದು ಅವಳು ಅಗಿಯುತ್ತಲೇ ಇದ್ದಳು. ಸುತ್ತು ಪೂರ್ತಿಯಾದ ಮೇಲೆ ನನ್ನನ್ನು ಕರೆದಳು. "ವೈನಿ, ಗ್ವಾಡಿ ಹಿಡಕೊಂಡು ನಿಂತ್ರ ಅದೇನು ಬೀಳೂದಿಲ್ಲ. ಬರ್ರಿ ಇಲ್ಲಿ, ಒಂದು ಕೈ ಹಚ್ರಿ." ಇಬ್ಬರೂ ಸೇರಿ ಮೇಲಿನ ಹೊದಿಕೆಯನ್ನು ಎತ್ತಿದೆವು. ಒಳಗಿಂದ ಬೆಲ್ಲ, ಏಲಕ್ಕಿಯ ಬೆಚ್ಚಗಿನ ಹಬೆ ಎದ್ದಿತು. ಶಿರಸಿಯಿಂದ ಯಲ್ಲಾಪುರದವರೆಗೆ ಅದು ಕಾವನ್ನು ಹೊಟ್ಟೆಯಲ್ಲಿ ಹಿಡಿದುಕೊಂಡೇ ಬಂದಿತ್ತು.

ಬಾಳೆಯೆಲೆಯ ಚೂರುಗಳ ಮೇಲೆ ಸೌಟಿನಿಂದ ಹೂರಣ, ಅದರ ಮೇಲೊಂದು ಹೊದಿಕೆಯ ತುಂಡು. ಹೀ‍ಗೆ ಓಣಿಯ ಎಲ್ಲ ಮನೆಗೂ ಹೋಯಿತು. ತಿಂದವರು ಅದನ್ನು ಬೇಳೆಯದೆಂದೇ ತಿಳಿದರು, ನಾವು ತಿದ್ದಲಿಲ್ಲ. ಅತ್ತೆ ಕಂಬಕ್ಕೊರಗಿ ಕೂತು ಮಗಳನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಚೆನ್ನವ್ವ ಹರಿವಾಣದ ಹತ್ತಿರ ಬಂದು, "ಅಂಚಿಂದು ಉಳದೈತೇನು?" ಎಂದು ಸೊಸೆಯನ್ನು ಕೇಳಿದರು. ಗಂಗವ್ವ ತನ್ನ ಎಲೆಯಿಂದ ಒಂದನ್ನು ತೆಗೆದು ಕೊಟ್ಟಳು. ಇನ್ನೊಂದು ಕೇಳಿದರು. "ಇದು ನನಗ್ರಿ ಅತ್ಯಾರ" ಎಂದಳು. ಓಣಿಯ ಹೆಂಗಸರು ಮತ್ತೆ ನಕ್ಕರು. ಈ ಸಲದ ನಗು ಯಾವ ಕಡೆಗೆಂದು ತಿಳಿಯಲು ನನಗೆ ಚಿಂತೆ ಮಾಡಬೇಕಾಗಲಿಲ್ಲ.

ಬಾಣಲೆ ಅಲ್ಲೇ ಉಳಿದಿತ್ತು. ಹದಿನೈದು ದಿನದ ಮೇಲೆ ಇಮಾಮಸಾಬರ ಲಾರಿಯಲ್ಲಿ ಹಿಂತಿರುಗಿ ಬಂತು. ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿಯಿಲ್ಲವಲ್ಲ. ಚೆನ್ನವ್ವ ಅದರ ತುಂಬ ಕಡಲೆಬೇಳೆ ಕಳಿಸಿದ್ದರು. ಎಲ್ಲಿ ಬಚ್ಚಿಟ್ಟಿದ್ದರೋ ದೇವರೇ ಬಲ್ಲ. ಜೊತೆಗೆ ಬಾಯಿಮಾತು: "ಬಾಣಂತನಕ್ಕ ಕರಿಯಾಕ ಬರೂಮುಂದ ಹೋಳಿಗಿ ತರ್ರಿ." ಇದು ಪ್ರೀತಿಯೋ ಚುಚ್ಚುಮಾತೋ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಅತ್ತೆ ಎರಡು ನಿಮಿಷವೂ ಕೆಡಿಸಿಕೊಳ್ಳಲಿಲ್ಲ. ಬೇಳೆಯನ್ನು ಪೂರ್ತಿ ಹುರಿದು ಚಟ್ನಿಪುಡಿ ಮಾಡಿದರು. ಅರ್ಧ ಜೈನಬಿಗೆ ಕೊಟ್ಟರು. ಮಗಳನ್ನು ಬಾಣಂತನಕ್ಕೆ ಕರೆಯಲು ಹೋಗುವಾಗ ಮತ್ತೆ ಸೌತೆಕಾಯಿಯನ್ನೇ ತುರಿಯಲು ಕೂತರು.

ಈ ಭಾನುವಾರ ನನ್ನ ಮಗಳ ಕುಬಸ, ಹಾವೇರಿಯಲ್ಲಿ. ಬೀಗರು ಒಳ್ಳೆಯವರು. "ನೀವೇನೂ ತೊಂದ್ರಿ ತಗೋಬ್ಯಾಡ್ರಿ, ಎಲ್ಲಾ ಖಾನಾವಳಿಗಿ ಹೇಳೇವಿ, ನೀವು ಬಂದು ಕುಂತ್ರ ಸಾಕು" ಎಂದು ಫೋನಿನಲ್ಲಿ ಹೇಳಿದ್ದಾರೆ. ಇಂಥ ಮಾತು ಕೇಳಿದರೆ ನಾನು ಸಾಮಾನ್ಯವಾಗಿ ಮಗಳನ್ನು, ಮಗನನ್ನು, ಸೊಸೆಯನ್ನು, ಕೊನೆಗೆ ಬೀಗರನ್ನೇ ಮತ್ತೊಮ್ಮೆ ಕೇಳಿ, ತರಲೋ ಬಿಡಲೋ ಎಂದು ಎಲ್ಲರ ತಲೆ ತಿಂದು, ಕೊನೆಗೆ ಒಂದು ಡಜನ್ ಬಾಳೆಹಣ್ಣು ಒಯ್ಯುವವಳು. ಈ ಸಲ ಯಾರನ್ನೂ ಕೇಳಿಲ್ಲ. ನಿನ್ನೆ ಅತ್ತೆಯ ಹಾಗೆ ಒಂದು ಮಾಡಿ ನೋಡಿದೆ, ತಳ ಕೊಂಚ ಸೀದಿತು. ಇವತ್ತಿನದಕ್ಕೆ ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿ ಬಂದು ನಿಮ್ಮ ಜೊತೆ ಮಾತಿಗೆ ಕೂತೆ. ಈಗ ಏಳಬೇಕು. ಮಗಳ ಕೈ ಮೆತ್ತಗಿನದು, ಇಂಥದನ್ನು ಅವಳು ಕಂಡವಳೂ ಅಲ್ಲ. ಅಂಚನ್ನು ಸ್ವಲ್ಪ ದಪ್ಪಗೆ ಕಟ್ಟಿ, ತುದಿಯನ್ನು ಒಳಗೆ ಸಿಕ್ಕಿಸದೆ ಹೊರಗೇ ಬಿಡಬೇಕೆಂದಿದ್ದೇನೆ. ಬೆರಳಿಗೆ ಹಿಡಿತ ಸಿಕ್ಕರೆ ಉಳಿದದ್ದನ್ನು ಅವಳೇ ಬಿಚ್ಚಿಕೊಳ್ಳುತ್ತಾಳೆ.